ಅಕ್ಕನ ಮಾತು, ದೇವರ ಹೆಸರು

ಬೈಬಲನ್ನು ನಾನು ಗಟ್ಟಿಯಾಗಿಯೇ ಓದುತ್ತೇನೆ. ಅದು ಭಕ್ತಿಗಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮನಸ್ಸಿನಲ್ಲೇ ಓದಿಕೊಂಡರೆ ಅಕ್ಷರ ಕಣ್ಣ ಮುಂದೆ ಹಾದುಹೋಗುತ್ತದೆ, ಅರ್ಥ ನಿಲ್ಲುವುದಿಲ್ಲ. ಕಿವಿಗೆ ಬಿದ್ದದ್ದು ಮಾತ್ರ ತಲೆಗೆ ಹತ್ತುತ್ತದೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಬೆಳಗಿನ ಐದೂವರೆಗೆ ಓದು ಶುರುವಾಗುತ್ತಿತ್ತು. ಏಳೂವರೆಗೆ ನಾನು ಮಗ್ಗದ ಶೆಡ್ಡಿನಲ್ಲಿರಬೇಕು. ಅಲ್ಲಿ ನನ್ನದು ಕಂಡಿಕೆ ಸುತ್ತುವ ಕೆಲಸ; ಮಗ್ಗದ ಲಾಳಿಯೊಳಗೆ ಕೂರಿಸುವ ಸಣ್ಣ ನೂಲಿನ ಸುರುಳಿಗೆ ಕಂಡಿಕೆ ಎನ್ನುತ್ತಾರೆ. ಸಂಜೆಯ ಹೊತ್ತು ನಮ್ಮ ಚರ್ಚಿನ ಸಭೆಯವರ ಮನೆಗಳಲ್ಲಿ ಪ್ರಾರ್ಥನೆ ಕೂಟವಿದ್ದರೆ ಬೈಬಲಿನ ವಾಕ್ಯ ವಿವರಿಸುವುದೂ ನನ್ನದೇ ಕೆಲಸವಾಗಿತ್ತು. ಅದನ್ನು ನನಗೆ ವಹಿಸಿದವರು ನಮ್ಮ ಸಭೆಯ ಪಾದ್ರಿ ಅಯ್ಯನವರು. ಅವರು ಕಲಿಸಿದ ಕ್ರಮ ಇಷ್ಟೇ. ಮೊದಲು ಯಾರು ಯಾರಿಗೆ ಹೇಳಿದ ಮಾತು ಎಂದು ನೋಡಬೇಕು. ಹಿಂದಿನ ಮುಂದಿನ ವಾಕ್ಯಗಳನ್ನೂ ಓದಬೇಕು. ಮೂರು ವಿಷಯಕ್ಕಿಂತ ಹೆಚ್ಚು ಹೇಳಬಾರದು. ಇಪ್ಪತ್ತು ನಿಮಿಷ ದಾಟಬಾರದು, ದಾಟಿದರೆ ಒಳಗೆ ಟೀ ಆರುತ್ತದೆ.

ಮೂರು ಸಲ ಓದುತ್ತಿದ್ದೆ. ಶೆಡ್ಡಿನಿಂದ ತಂದ ಬಣ್ಣದ ನೂಲಿನ ತುಂಡನ್ನು ಆ ಪುಟಕ್ಕೆ ಇಡುತ್ತಿದ್ದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಮೂರು ಸಾಲು ಬರೆದುಕೊಳ್ಳುತ್ತಿದ್ದೆ. ಇಷ್ಟೂ ನನ್ನದು. ಉಳಿದದ್ದು ಅಕ್ಕನದು.

ಅಕ್ಕ ಎರಡನೇ ಕ್ಲಾಸಿಗೇ ಬಿಟ್ಟಳು, ನನ್ನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ಮನೆಗೆ ಬಂದಳು. ನಾನು ಮದುವೆಯೇ ಆಗಲಿಲ್ಲ. ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಅರ್ಧ ಮಾತು ಹೋದ ಮೇಲೆ ನಡುಮನೆಯ ಮಂಚ ಅಮ್ಮನದಾಯಿತು, ಅಮ್ಮ ಅಕ್ಕನ ಪಾಲಾದಳು. ನಾನು ಹೊಸ್ತಿಲ ಹತ್ತಿರ ಲೈಟಿನ ಕೆಳಗೆ ಕೂತು ಓದುವಾಗ ಅಕ್ಕ ಒಲೆಗೂ ಮಂಚಕ್ಕೂ ಓಡಾಡುತ್ತಿದ್ದಳು. ಗಂಜಿ ಕಲಸುತ್ತಾ, ಅಮ್ಮನ ಮುಖ ಒರೆಸುತ್ತಾ, ಕೇಳಿಸಿಕೊಂಡದ್ದಕ್ಕೆ ಒಂದು ಮಾತು ಎಸೆಯುತ್ತಿದ್ದಳು.

ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ, ಅಂದರೆ ಅವನು ಸಭೆಯವರಿಗೆ ಬರೆದ ಕಾಗದದಲ್ಲಿ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಭಾಗವಿದೆ. ಬಟ್ಟೆಯಿಲ್ಲದವನಿಗೆ ಬೆಚ್ಚಗಿರು ಎಂದು ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಎಂದು ಕೇಳುತ್ತಾನೆ. ಅದನ್ನು ಓದಿದ ದಿನ ಅಕ್ಕ ಒಳಗಿನಿಂದಲೇ ನಕ್ಕಳು.

"ಅಮ್ಮನ್ನ ನೋಡೋಕೆ ಬಂದು, ಚೆನ್ನಾಗಿ ನೋಡ್ಕೊಳ್ರಮ್ಮಾ ಅಂತ ಹೇಳಿ, ಟೀ ಕುಡ್ದು ಎದ್ದು ಹೋಗ್ತಾರಲ್ಲ, ನಮ್ಮ ದೊಡ್ಡಪ್ಪನ ಮನೆಯೋರು. ಅವ್ರಿಗೇ ಬರೆದಿರೋ ಕಾಗದ ಕಣೇ ಇದು. ಅಡ್ರೆಸ್ ತಪ್ಪಿ ನಮ್ಮನೆಗೆ ಬಂದದೆ."

ಮಂಚದ ಮೇಲೆ ಅಮ್ಮನೂ ಅರ್ಧ ಬಾಯಲ್ಲಿ ನಕ್ಕಳು.

ಅವತ್ತು ಸಂಜೆ ಕೂಟದಲ್ಲಿ ನಾನು ಅದನ್ನೇ ಹೇಳಿದೆ. ದೊಡ್ಡಪ್ಪನನ್ನು ಬಿಟ್ಟು, ಅಡ್ರೆಸ್ ತಪ್ಪಿ ಬಂದ ಕಾಗದವನ್ನು ಇಟ್ಟುಕೊಂಡು. ಹೆಂಗಸರು ನಕ್ಕರು, ಆಮೇಲೆ ತಲೆ ತಗ್ಗಿಸಿದರು. ವಾಕ್ಯ ಹೇಳುವವರಲ್ಲಿ ಒಂದು ರೂಢಿಯಿದೆ. ಹೊಸದಾಗಿ ಏನಾದರೂ ಹೊಳೆದರೆ, ಇದನ್ನು ದೇವರು ನನಗೆ ಪ್ರಾರ್ಥನೆಯಲ್ಲಿ ತೋರಿಸಿದರು ಎನ್ನುತ್ತೇವೆ. ನಾನೂ ಹಾಗೇ ಅಂದೆ. ಬಾಯಿಗೆ ತಾನಾಗಿ ಬಂತು. ಆಮೇಲೆ ಅದೇ ಅಭ್ಯಾಸವಾಯಿತು. ಎಲ್ಲಾ ಕಳೆದುಕೊಂಡು ಕೂತ ಯೋಬನಿಗೆ ಸಮಾಧಾನ ಹೇಳಲು ಬಂದು ಅವನನ್ನೇ ದೂರಿದ ಸ್ನೇಹಿತರ ಬಗ್ಗೆ ಅಕ್ಕ, "ಬಾಯಿ ಬಿಡೋವರ್ಗೂ ಒಳ್ಳೇರೇ ಇದ್ರು ಪಾಪ" ಅಂದಿದ್ದಳು. ಅದನ್ನೂ ದೇವರು ತೋರಿಸಿದರು. ನಾಲ್ಕೈದು ವರ್ಷ ದೇವರು ನನಗೆ ತೋರಿಸುತ್ತಲೇ ಇದ್ದರು. ಸಿಸ್ಟರ್ ವಾಕ್ಯದಲ್ಲಿ ಬಲ ಇದೆ ಎಂದು ಪಕ್ಕದ ಸಭೆಯವರೂ ಕರೆಯತೊಡಗಿದರು.

ಅಕ್ಕನಿಗೆ ಇದು ಗೊತ್ತಾಗಲು ದಾರಿಯಿರಲಿಲ್ಲ. ಅಮ್ಮನನ್ನು ಬಿಟ್ಟು ಅವಳು ಯಾವ ಕೂಟಕ್ಕೂ ಬರುವಂತಿರಲಿಲ್ಲ. ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಸರದಿಯ ಮೇಲೆ ನಮ್ಮ ಮನೆಯಲ್ಲೇ ಕೂಟ ನಡೆಯುವಾಗ ಮಾತ್ರ ಅವಳಿಗೆ ವಾಕ್ಯ ಕೇಳುವ ಅವಕಾಶ. ಆಗಲೂ ಮೂವತ್ತು ಜನಕ್ಕೆ ಖಾರಾಬಾತು, ಟೀ ಎಂದು ಅವಳು ಒಳಗೇ ಉಳಿಯುತ್ತಿದ್ದಳು.

ಈಗ ಆ ಸಂಜೆಯ ವಿಷಯ ಹೇಳಬೇಕು.

ಆ ವರ್ಷ ನಮ್ಮ ಮನೆಯ ಕೂಟದ ಬೆಳಿಗ್ಗೆ ಅಕ್ಕ ನನ್ನನ್ನು ಅರ್ಧ ದಿನ ರಜೆ ಹಾಕು ಎಂದು ಕೇಳಿದಳು. ತರಕಾರಿ ಹೆಚ್ಚಬೇಕು, ಡ್ರಮ್ಮಿಗೆ ನೀರು ತುಂಬಬೇಕು, ಅಮ್ಮನ ಹಾಸಿಗೆ ಬದಲಾಯಿಸಬೇಕು. ನಾನು ಮಧ್ಯಾಹ್ನ ವಾಕ್ಯಕ್ಕೆ ತಯಾರಾಗಬೇಕು, ಆಗಲ್ಲ ಎಂದೆ.

"ವಾಕ್ಯ ಹೇಳೋರಿಗೆ ಕೈ ಇರಲ್ವೇನೇ?" ಅಂದಳು ಅಕ್ಕ.

ನನಗೆ ಉರಿಯಿತು. ಅಯ್ಯನವರು ಆ ಸಂಜೆಗೆ ಕೊಟ್ಟಿದ್ದ ಭಾಗ ಬೇರೆ. ನಾನೇ ಬದಲಾಯಿಸಿದೆ. ಮಾರ್ಥ, ಮರಿಯ ಎಂಬ ಅಕ್ಕತಂಗಿಯರ ಮನೆಗೆ ಯೇಸುಸ್ವಾಮಿ ಬಂದ ಕಥೆಯನ್ನು ತೆಗೆದುಕೊಂಡೆ. ತಂಗಿ ಪಾದದ ಹತ್ತಿರ ಕೂತು ಮಾತು ಕೇಳುತ್ತಾಳೆ. ಅಕ್ಕ ಅಡುಗೆಯ ಗಡಿಬಿಡಿಯಲ್ಲಿ ಬಂದು, ಇವಳಿಗೆ ನನ್ನ ಸಂಗಡ ಕೆಲಸ ಮಾಡಲು ಹೇಳು ಎನ್ನುತ್ತಾಳೆ. ಮರಿಯ ಒಳ್ಳೆಯ ಪಾಲನ್ನು ಆರಿಸಿಕೊಂಡಿದ್ದಾಳೆ ಎಂದು ಸ್ವಾಮಿ ಉತ್ತರ ಕೊಡುತ್ತಾರೆ. ಆ ದಿನ ಅದನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಲಿಲ್ಲ. ಶೆಡ್ಡಿನ ಹಿಂದೆ ನೂಲಿನ ಮೂಟೆಗಳ ಮೇಲೆ ಕೂತು ಬೆರಳಿಟ್ಟುಕೊಂಡು ಮನಸ್ಸಿನಲ್ಲೇ ಓದಿದೆ.

ಸಂಜೆ ನಡುಮನೆ ತುಂಬಿತ್ತು. ಅಮ್ಮನ ಮಂಚದ ಕಾಲಿನ ಕಡೆಯೂ ಇಬ್ಬರು ಕೂತಿದ್ದರು. ನಾನು ಮಾರ್ಥಳನ್ನು ವರ್ಣಿಸುತ್ತಿದ್ದೆ. ಆಗ ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. ನಾನು ನೋಡಿದೆ. ನೋಡಿಯೇ ಹೇಳಿದೆ:

"ಇಂಥ ಮಾರ್ಥಳು ಒಂದೊಂದು ಮನೇಲೂ ಒಬ್ಬಳು ಇದ್ದಾಳೆ. ಪಾತ್ರೆ ಸದ್ದಲ್ಲಿ ಅವಳಿಗೆ ದೇವರ ಸ್ವರ ಕೇಳಲ್ಲ."

ಮೂವತ್ತು ತಲೆಗಳು ಬಾಗಿಲ ಕಡೆ ತಿರುಗಿದವು. ಯಾರೋ ಕಿಸಕ್ಕೆಂದರು. ಅಕ್ಕ ಒಂದು ಗಳಿಗೆ ನಿಂತು ಒಳಗೆ ಹೋದಳು. ಖಾರಾಬಾತು ಬಂತು, ಟೀ ಬಂತು. ಎಲ್ಲರಿಗೂ ಬಡಿಸಿದಳು, ನನಗೂ.

ಮರುದಿನ ಬೆಳಿಗ್ಗೆ ಐದೂವರೆಗೆ ನಾನು ಓದಲು ಕೂತೆ. ಒಳಗಿನಿಂದ ಮಾತು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಕ್ಕ ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ. ಉಪ್ಪು ಮುಗಿದಿದೆ, ಅಮ್ಮನ ಮಾತ್ರೆ ತಾ, ಎಲ್ಲಾ ಹೇಳುತ್ತಿದ್ದಳು. ಬೈಬಲ್ ತೆರೆದರೆ ಮಾತ್ರ ಕಿವುಡಿಯಾಗುತ್ತಿದ್ದಳು. ಒಂದು ವರ್ಷ ಹಾಗೇ ಹೋಯಿತು. ಕ್ಷಮಿಸು ಅನ್ನಲು ಎಷ್ಟೋ ಸಲ ಬಾಯಿ ತೆರೆದೆ. ಸಭೆಯಲ್ಲಿ ಮೂವತ್ತು ಜನರ ಮುಂದೆ ಸರಾಗವಾಗಿ ಬರುವ ಮಾತು ಮನೆಯೊಳಗೆ ಬರಲಿಲ್ಲ.

ಮುಂದಿನ ಲೆಂಟ್ ಬಂತು. ಅಯ್ಯನವರು ವಾಟ್ಸಾಪಿನಲ್ಲಿ ಪಟ್ಟಿ ಹಾಕಿದರು. ನನ್ನ ಪಾಲಿಗೆ ಹನ್ನೊಂದು ಮನೆಗಳು; ವಿಷಯ ನಂಬಿಕೆ, ನಡತೆ, ಶ್ರಮೆ. ಕಷ್ಟಸಂಕಟಕ್ಕೆ ನಮ್ಮಲ್ಲಿ ಶ್ರಮೆ ಎನ್ನುತ್ತಾರೆ.

ಮೊದಲ ಮನೆಯಲ್ಲೇ ನನಗೆ ಗೊತ್ತಾಯಿತು, ನನ್ನ ಬಳಿ ಏನೂ ಇಲ್ಲ ಎಂದು. ಕ್ಯಾಲೆಂಡರ್ ಹಾಳೆಯ ಮೂರು ಸಾಲುಗಳನ್ನು ಏಳು ನಿಮಿಷದಲ್ಲಿ ಮುಗಿಸಿದೆ. ಉಳಿದ ಹೊತ್ತಿಗೆ ಅದನ್ನೇ ತಿರುಗಿಸಿ ಹೇಳಿದೆ. ಮೂರನೇ ಮನೆಯಲ್ಲಿ ಹಿಂದಿನ ವರ್ಷದ ಮಾತನ್ನೇ ಹೇಳಿದಾಗ ನಮ್ಮ ಕೂಟದ ಹಿರಿಯಮ್ಮ ಒಬ್ಬರು ತೂಕಡಿಸಿದರು. ಐದನೇ ಮನೆಯ ನಂತರ ದಾರಿಯಲ್ಲಿ ಅವರು, "ಯಾಕಮ್ಮಾ, ಉಪವಾಸ ಗಿಪವಾಸ ಜಾಸ್ತಿ ಮಾಡ್ತಿದೀಯಾ? ವಾಕ್ಯ ಒಣಗ್ದಂಗದೆ" ಅಂದರು. ಯೂಟ್ಯೂಬಿನಲ್ಲಿ ಬೋಧನೆಗಳನ್ನು ಕೇಳಿ ಬರೆದುಕೊಂಡು ನೋಡಿದೆ. ಅವರ ಮಾತು ನನ್ನ ಬಾಯಲ್ಲಿ ಕೂರಲಿಲ್ಲ, ಬೇರೆಯವರ ಅಳತೆಗೆ ಹೊಲಿದ ರವಿಕೆಯಂತಾಯಿತು.

ಆರನೆಯದು ರೈಲ್ವೆ ಸ್ಟೇಷನ್ ಕಡೆಯ ಒಂದು ಬಾಡಿಗೆ ಮನೆ. ಮನೆಯವನು ದಾಬಸ್‌ಪೇಟೆಯ ಕಡೆ ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದವನು. ಲಾರಿಯ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಸ್ಪರ್ಶವಿಲ್ಲ. ನಾಲ್ಕು ತಿಂಗಳಿಂದ ಹಾಸಿಗೆಯಲ್ಲಿದ್ದ. ಹೆಂಡತಿಗೆ ಇನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ನಾವು ಹನ್ನೆರಡು ಜನ ಅವನ ಸುತ್ತ ಗೋಡೆಗೊರಗಿ ಕೂತೆವು.

ಆ ದಿನದ ಭಾಗ ಹುಟ್ಟುಕುರುಡನದು. ಶಿಷ್ಯರು ಅವನನ್ನು ತೋರಿಸಿ, ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇಬ್ಬರೂ ಅಲ್ಲ ಎಂದು ಯೇಸುಸ್ವಾಮಿ ಹೇಳುತ್ತಾರೆ. ನಾನು ಓದಿ, ಶ್ರಮೆ ಎಂದರೆ ದೇವರು ನಮ್ಮ ನಂಬಿಕೆಯನ್ನು ಪರೀಕ್ಷಿಸುವುದು ಎಂದು ಶುರುಮಾಡಿದೆ. ಕೈಯಲ್ಲಿದ್ದ ಮೊದಲ ಸಾಲು ಅದೇ.

"ಒಂದ್ ಮಾತು ಕೇಳ್ಲಾ ಸಿಸ್ಟರ್?" ಅಂದಳು ಆ ಹೆಂಡತಿ. ಕೂಟದ ನಡುವೆ ಯಾರೂ ಪ್ರಶ್ನೆ ಕೇಳುವುದಿಲ್ಲ. "ಬಂದೋರೆಲ್ಲ ಪರೀಕ್ಷೆ ಪರೀಕ್ಷೆ ಅಂತಾರೆ. ಊರಲ್ಲಿ ಪರೀಕ್ಷೆ ಬರೆಯೋರು ನಾವೊಬ್ರೇನಾ? ಪಾಸಾದ್ರೆ ಇವ್ರು ಎದ್ದು ನಡೀತಾರಾ? ಫೇಲಾದ್ರೆ ಇನ್ನೇನು ಮಾಡ್ತಾರೆ ದೇವ್ರು?"

"ಸುಮ್ನಿರೇ," ಅಂದ ಮಲಗಿದ್ದವನು.

"ನಾನ್ಯಾಕೆ ಸುಮ್ನಿರ್ಲಿ? ನಮ್ಮತ್ತೆ ನನ್ ಕಾಲ್ಗುಣ ಅಂತಾರೆ. ಇವ್ರೂ ನಿಂಗೆ ನಂಬಿಕೆ ಸಾಲ್ದು ಅಂತಾರೆ. ಎಲ್ಲಾ ಸುತ್ತಿ ನನ್ ತಲೆಗೇ."

ಹಿರಿಯಮ್ಮ, ಪ್ರಾರ್ಥನೆ ಮಾಡಿ ಮುಗಿಸು ಎಂದು ನನಗೆ ಕಣ್ಣಲ್ಲೇ ಹೇಳಿದರು. ನಾನು ಹಾಳೆ ನೋಡಿದೆ. ಉಳಿದ ಎರಡು ಸಾಲುಗಳೂ ಪರೀಕ್ಷೆಯ ಮೇಲೆಯೇ ಇದ್ದವು. ಆ ಪುಟದಲ್ಲಿ ಒಂದು ಹಸಿರು ನೂಲಿನ ತುಂಡಿತ್ತು, ಹಳೆಯದು. ಹಿಂದೆ ಯಾವಾಗಲೋ ಇದೇ ಭಾಗವನ್ನು ಮನೆಯಲ್ಲಿ ಓದಿದ್ದೆ. ನೂಲನ್ನು ಕಂಡೊಡನೆ ಆ ಬೆಳಗು ನೆನಪಾಯಿತು. ಅಕ್ಕ ಬೇಸಿನ್ನು ಹಿಡಿದುಕೊಂಡು ಅಮ್ಮನ ಬೆನ್ನು ಒರೆಸುತ್ತಿದ್ದಳು. ಒರೆಸುತ್ತಲೇ ಹೇಳಿದ್ದಳು.

ಅದನ್ನು ಹೇಳಿದೆ. ಅಕ್ಕನ ಮಾತಿನಲ್ಲೇ ಹೇಳಿದೆ: "ಶಿಷ್ಯರು ನಿಂತ್ಕೊಂಡು ಯಾರ ಪಾಪ, ಯಾರ ಪಾಪ ಅಂತ ಕೇಳ್ತಾ ಇದ್ರಂತೆ. ಏಸಪ್ಪ ಜಾಸ್ತಿ ಮಾತಾಡ್ಲಿಲ್ಲ. ಕೆಳಕ್ಕೆ ಬಗ್ಗಿ, ಉಗುಳಲ್ಲಿ ಮಣ್ಣು ಕಲಸಿ, ಕೈ ಗಲೀಜು ಮಾಡ್ಕೊಂಡು ಅವನ ಕಣ್ಣಿಗೆ ಹಚ್ಚಿದ. ಆ ಕುರುಡಪ್ಪನಿಗೆ ಬೇಕಾಗಿದ್ದು ಅದು. ಪಾಪದ ಲೆಕ್ಕ ನಿಂತಿರೋರಿಗೆ ಬೇಕು, ಬಿದ್ದಿರೋರಿಗಲ್ಲ."

ಆ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇದನ್ನು ದೇವರು ನನಗೆ ತೋರಿಸಿದರು. ವರ್ಷಗಟ್ಟಲೆ ಹೇಳಿದ ಮಾತು, ತಾನಾಗಿಯೇ ಬರುತ್ತದೆ. ತಡೆದೆ.

"ಇದು ನನ್ನ ಮಾತಲ್ಲ," ಅಂದೆ. "ದೇವರು ನನಗೆ ತೋರಿಸಿದ್ದೂ ಅಲ್ಲ. ನನ್ನ ಅಕ್ಕ ಹೇಳಿದ್ದು. ನಿಮಗೆಲ್ಲಾ ಇಷ್ಟವಾಗಿದ್ದ ಮಾತುಗಳೆಲ್ಲಾ ಅವಳವೇ. ಅವಳು ಮನೇಲಿ ಹೇಳ್ತಿದ್ದಳು, ನಾನು ಇಲ್ಲಿ ದೇವರ ಹೆಸರಿಗೆ ಹಾಕ್ತಿದ್ದೆ. ಹೋದ ವರ್ಷ ಅವಳನ್ನೇ ನಿಮ್ಮೆಲ್ಲರ ಮುಂದೆ ಮಾರ್ಥ ಅಂದೆ."

ಹಿರಿಯಮ್ಮ ಕಣ್ಣು ಒರೆಸಿಕೊಂಡರು. "ಸ್ತೋತ್ರ! ಎಂಥಾ ತಗ್ಗಿಸ್ಕೊಳ್ಳೋ ಮನಸ್ಸಮ್ಮಾ ನಿಂದು." ಇನ್ನೊಬ್ಬರು, ಇದೇ ಇವತ್ತಿನ ಸಂದೇಶ ಎಂದರು. ತಪ್ಪೊಪ್ಪಿಕೊಂಡದ್ದಕ್ಕೂ ನನಗೇ ಹೊಗಳಿಕೆ ಸಿಗುತ್ತಿತ್ತು.

ಆ ಹೆಂಡತಿ ಮಾತ್ರ ಹೊಗಳಲಿಲ್ಲ. "ಹಂಗಾದ್ರೆ ನಿಮ್ಮಕ್ಕನ್ನೇ ಕಳಿಸಿ," ಅಂದಳು.

ಮನೆಗೆ ಬಂದಾಗ ಅಕ್ಕ ಅಮ್ಮನಿಗೆ ರಾಗಿ ಗಂಜಿ ಕುಡಿಸುತ್ತಿದ್ದಳು. ನಿಂತೇ ಹೇಳಿದೆ, ಒಂದನ್ನೂ ಬಿಡದೆ. ಕಾಗದದ ಅಡ್ರೆಸ್ಸಿನಿಂದ ಹಿಡಿದು ಆ ಸಂಜೆಯವರೆಗೆ. ಮಾರ್ಥಳ ಭಾಗವನ್ನು ಬೇಕೆಂದೇ ಆರಿಸಿದ್ದನ್ನೂ ಹೇಳಿದೆ. ಅಕ್ಕ ಚಮಚ ನಿಲ್ಲಿಸಲಿಲ್ಲ. ಕೊನೆಗೆ, ಆಕೆ ನಿನ್ನನ್ನು ಕಳಿಸು ಅಂದಳು ಎಂದೆ.

"ಬೆನ್ನಲ್ಲಿ ಹುಣ್ಣಾಗ್ಯದೇನೇ ಅವನಿಗೆ?" ಅಕ್ಕ ಕೇಳಿದ ಮೊದಲ ಮಾತು ಅದು.

"ಗೊತ್ತಿಲ್ಲ."

"ಒಂದ್ ಗಂಟೆ ಎದುರಿಗೆ ಕೂತಿದ್ದೆ ತಾನೇ? ವಾಸ್ನೆ ಬರ್ತಿತ್ತಾ?"

ಬರುತ್ತಿತ್ತು. ಊದುಬತ್ತಿಯ ಹೊಗೆಯ ಕೆಳಗೆ ಬರುತ್ತಿತ್ತು. ನಾನು ಅದನ್ನು ವಾಸನೆ ಎಂದಷ್ಟೇ ತಿಳಿದಿದ್ದೆ.

"ನಾಳಿದ್ದು ಭಾನುವಾರ ಹೋಗ್ತೀನಿ. ಅಮ್ಮನ್ನ ನೀನು ನೋಡ್ಕೋತೀಯಾ?"

"ನೋಡ್ಕೋತೀನಿ."

"ನೋಡ್ಕೋತಾಳಂತೆ," ಅಂದಳು ಅಕ್ಕ ಅಮ್ಮನಿಗೆ. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ನಂಬಿಕೆ ಸ್ವಲ್ಪವೂ ಇರಲಿಲ್ಲ.

ಭಾನುವಾರ ಅಕ್ಕ ಎರಡು ಹಳೇ ಕಾಟನ್ ಸೀರೆ, ಕೊಬ್ಬರಿ ಎಣ್ಣೆ, ಪೌಡರ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದಳು. ಬೈಬಲ್ ಒಯ್ಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳು ಚಪ್ಪಲಿ ಹಾಕಿಕೊಂಡು ನಮ್ಮ ಬೀದಿ ದಾಟಿದ್ದು ಅವತ್ತು. ಬೀದಿಯ ಕೊನೆಯವರೆಗೂ ಆಟೋವನ್ನೇ ನೋಡುತ್ತಾ ನಿಂತಿದ್ದೆ.

ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಾಯಿಸಬೇಕು. ಅಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೆ, ಸಾವಿರ ಸಲ ನೋಡಿದ್ದೆ. ತೋಳು ಹಿಡಿದು ಎಳೆದೆ. ಅಮ್ಮ ಕೂಗಿಕೊಂಡಳು. ಸತ್ತ ಕೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಹೋದರೆ ಕಾಲು ಜಾರಿ ಮಂಚದ ಹೊರಗೆ ಬಂತು. "ಹಿಂ... ಹಿಂಗಲ್ಲ," ಅಂದಳು ಅಮ್ಮ. ಒಳ್ಳೆಯ ಕೈಯಿಂದ ತನ್ನ ಮೊಣಕಾಲನ್ನು ತೋರಿಸಿದಳು. ಆ ಕೈ ಹೇಳಿದಂತೆ ಮಾಡಿದೆ. ಮೊದಲು ಮೊಣಕಾಲು ಮಡಿಸಬೇಕು. ಕೈಯನ್ನು ಎದೆಯ ಮೇಲೆ ಇಡಬೇಕು. ಆಮೇಲೆ ಭುಜವನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿದು, ಎಳೆಯದೆ, ನಮ್ಮ ಕಡೆಗೆ ಉರುಳಿಸಿಕೊಳ್ಳಬೇಕು. ಬೆನ್ನಿಗೆ ದಿಂಬು ಕೊಡಬೇಕು. ಮೂರನೇ ಸಲಕ್ಕೆ ಅಮ್ಮ ಕೂಗಲಿಲ್ಲ. ನನ್ನ ಬೆನ್ನು ಮಾತ್ರ ಎದ್ದು ನಿಲ್ಲಲಾಗದಷ್ಟು ಹಿಡಿದುಕೊಂಡಿತ್ತು. ಇಷ್ಟನ್ನು ಮಾಡುತ್ತಾ ಅಕ್ಕ ಯೋಬನ ಬಗ್ಗೆ ಯೋಚನೆ ಮಾಡುತ್ತಿದ್ದಳಲ್ಲ ಎನಿಸಿತು.

ಅಕ್ಕ ಸೂರ್ಯ ಇಳಿಯುವ ಹೊತ್ತಿಗೆ ಬಂದಳು. ಚೀಲದಲ್ಲಿ ಸೀರೆಗಳಿರಲಿಲ್ಲ.

"ಏನು ವಾಕ್ಯ ಹೇಳ್ದೆ?" ಎಂದೆ.

"ವಾಕ್ಯ ಎಲ್ಲಿಂದ ಬರ್ಬೇಕು ನಂಗೆ? ಅಂಗೈ ಅಗಲ ಹುಣ್ಣಾಗ್ಯದೆ. ಆ ಹುಡ್ಗಿಗೆ ಮಗ್ಗುಲು ಬದ್ಲಾಯ್ಸೋದು ಹೇಳ್ಕೊಟ್ಟೆ. ನಾಳೆ ದೊಡ್ಡಾಸ್ಪತ್ರೆ ನರ್ಸಮ್ಮನ್ನ ಕರ್ಸಿ ಡ್ರೆಸ್ಸಿಂಗ್ ಮಾಡ್ಸು ಅಂದೆ. ನಿನ್ ಕಾಲ್ಗುಣ ಅಲ್ಲ ಕಣವ್ವಾ, ಹಾಸ್ಗೆ ಗುಣ ಅಂದೆ. ಅತ್ಲು. ಅಳ್ಲಿ ಅಂತ ಬಿಟ್ಟು ಟೀ ಕಾಯ್ಸಿದೆ." ಅಮ್ಮನ ಹತ್ತಿರ ಹೋಗಿ ದಿಂಬು ಸರಿಮಾಡಿದಳು. "ಪರ್ವಾಗಿಲ್ಲ, ಉರುಳಿಸೋಕೆ ಕಲ್ತಿದೀಯ. ಮುಂದಿನ ಭಾನುವಾರನೂ ಹೋಗ್ಬೇಕು ನಾನು."

ಅಂದೇ ಅಯ್ಯನವರಿಗೆ ಫೋನ್ ಮಾಡಿ, ಉಳಿದ ಐದು ಮನೆಗಳಿಗೆ ಬೇರೆಯವರನ್ನು ಹಾಕಿ ಎಂದೆ. ಕಾರಣ ಕೇಳಿದರು, ಹೇಳಿದೆ. ಅವರು, "ಭಾನುವಾರ ಅಮ್ಮನ ಹತ್ತಿರ ನೀನಿರು. ಅದೇ ನಿನ್ನ ಮನೆ ಈ ಲೆಂಟಿಗೆ," ಎಂದರು.

ಮರುದಿನ ಐದೂವರೆಗೆ ಎದ್ದು ಹೊಸ್ತಿಲ ಹತ್ತಿರ ಕೂತೆ. ಎಲ್ಲೂ ಹೇಳಬೇಕಾದ ವಾಕ್ಯವಿರಲಿಲ್ಲ. ಆದರೂ ತೆರೆದೆ. ಒಂದು ವರ್ಷದ ಹಿಂದೆ ಮನಸ್ಸಿನಲ್ಲೇ ಓದಿದ್ದ ಆ ಅಕ್ಕತಂಗಿಯರ ಕಥೆಯನ್ನು ಮೊದಲ ಸಲ ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ ಪುಟ ತಿರುಗಿಸದೆ ಕೂತೆ. ಒಳಗೆ ಹಾಲು ಉಕ್ಕುವ ಸದ್ದು, ಗ್ಯಾಸ್ ಆರಿಸಿದ ಸದ್ದು ಕೇಳಿತು. ಸಾಕು, ಇನ್ನು ಬರುವುದಿಲ್ಲ ಎಂದು ನೂಲು ಇಟ್ಟು ಮುಚ್ಚಲು ಹೋದೆ.

"ಇನ್ನೊಂದ್ಸಲ ಓದು, ಸ್ವಾಮಿ ಮಾತಾಡೋ ಕಡೆ," ಅಂದಳು ಅಕ್ಕ.

ಓದಿದೆ.

"ಮಾರ್ಥಳೇ, ಮಾರ್ಥಳೇ ಅಂತ ಎರಡ್ ಸಲ ಕರೀತಾನಲ್ಲೇ. ಬಯ್ಯೋರು ಯಾರಾದ್ರೂ ಹೆಸರು ಹಿಡ್ದು ಎರಡ್ ಸಲ ಕರೀತಾರಾ? ಹೊತ್ತಾದ್ರೂ ಊಟಕ್ಕೆ ಬರ್ದೇ ಇರೋರ್ನ ಅಮ್ಮ ಕರೀತಿದ್ಲಲ್ಲ, ಹಂಗೆ ಅದು. ನೀನೂ ಬಾ, ಕೂತ್ಕೋ ಅಂತ. ಅವಳಿಗೂ ಜಾಗ ಇಟ್ಟಿದ್ದ ಅವನು." ಒಳಗೆ ಟೀ ಸೋಸುತ್ತಾ ಮತ್ತೆ ಅಂದಳು, "ಅವತ್ತು ನಾನು ಕೈ ಒರೆಸ್ಕೊಂಡು ಬಂದಿದ್ದು ಕೂತ್ಕೊಳ್ಳೋಣ ಅಂತಲೇ. ಆ ವರ್ಷ ಬೇಗ ಬೇಗ ಮುಗ್ಸಿದ್ದೆ ಅಡುಗೆ."

ನಾನು ಅತ್ತೆ. ಅಕ್ಕ ಸಮಾಧಾನ ಮಾಡಲಿಲ್ಲ. ಲೋಟದಲ್ಲಿ ಟೀ ತಂದು ಪಕ್ಕದಲ್ಲಿಟ್ಟು, ತಾನೂ ಹೊಸ್ತಿಲ ಮೇಲೆ ಕೂತಳು. ಅಷ್ಟು ವರ್ಷಗಳಲ್ಲಿ ನಾನು ಓದುವಾಗ ಅವಳು ಕೂತದ್ದು ಅದೇ ಮೊದಲು.

"ಈ ಮಾತನ್ನ ಎಲ್ಲಾದ್ರೂ ಹೇಳ್ಬೇಕಾಗಿ ಬಂದ್ರೆ ನಿನ್ನ ಹೆಸರು ಹೇಳ್ತೀನಿ ಅಕ್ಕ," ಎಂದೆ.

"ನನ್ ಹೆಸರೂ ಬೇಡ, ದೇವರ ಹೆಸರೂ ಬೇಡ. ಸುಮ್ನೆ ಅವನನ್ಯಾಕೆ ಎಳೀತೀಯ."

"ಮತ್ತೆ ಏನನ್ಲಿ?"

"ಅಡುಗೆಮನೆಯಿಂದ ಬಂತು ಅನ್ನು."

ಆಮೇಲೆ ಅಮ್ಮ ಹೋದಳು. ಎರಡು ವರ್ಷ ಬಿಟ್ಟು ಅಕ್ಕನೂ ಹೋದಳು. ಅವಳ ಕೊನೆಯ ತಿಂಗಳಲ್ಲಿ ಮಗ್ಗುಲು ಬದಲಾಯಿಸಿದವಳು ನಾನು. ಅವಳು ಒಮ್ಮೆಯೂ ಕೂಗಲಿಲ್ಲ. ಈಗ ಸಭೆಯವರು ಮತ್ತೆ ಕರೆಯುತ್ತಾರೆ, ವರ್ಷಕ್ಕೆ ಮೂರೋ ನಾಲ್ಕೋ ಮನೆಗೆ ಹೋಗುತ್ತೇನೆ. ಇಂಥ ಮಾತು ಎಲ್ಲಿ ಸಿಗುತ್ತೆ ಸಿಸ್ಟರ್ ಎಂದು ಹೊಸಬರು ಕೇಳಿದರೆ, ಅಕ್ಕ ಹೇಳಿಕೊಟ್ಟಂತೆಯೇ ಹೇಳುತ್ತೇನೆ. ಬೆಳಗಿನ ಐದೂವರೆಗೆ ಈಗಲೂ ಗಟ್ಟಿಯಾಗಿಯೇ ಓದುತ್ತೇನೆ. ಓದಿ ಮುಗಿಸಿ, ಪುಟ ತಿರುಗಿಸುವ ಮೊದಲು, ಒಳಗಿನ ಕಡೆಗೆ ಕಿವಿ ಕೊಟ್ಟು ಒಂದಿಷ್ಟು ಹೊತ್ತು ಕಾಯುತ್ತೇನೆ.